ಜವಳಿ ಅಂಗಡಿಗೆ ಬಾರ್‌ಕೋಡ್ ಬಿಲ್ಲಿಂಗ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತದೆ

ಕಿರ್ದಿ_ಖತಾವಣಿ

ತಾಲ್ಲೂಕು ಕೇಂದ್ರದ ಜವಳಿ ಅಂಗಡಿ. ಸೀರೆ, ರೆಡಿಮೇಡ್, ಶರ್ಟಿಂಗ್-ಸೂಟಿಂಗ್ ಮೂರೂ ಇದೆ. ಸುಮಾರು 9,000 ಪೀಸು, ಜೊತೆಗೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಮಾರುವ 150 ಥಾನು (ಸುರುಳಿ) ಬಟ್ಟೆ. ಬಿಲ್ಲು ಈಗಲೂ ಕಂಪ್ಯೂಟರಿನಲ್ಲೇ ಆಗುತ್ತದೆ, ಆದರೆ "ಸೀರೆ 1, ಪ್ಯಾಂಟ್ 2" ಎಂದು ಕೈಯಲ್ಲಿ ಟೈಪ್ ಮಾಡುವುದು. ದರ ಚೀಟಿಯ ಮೇಲೆ ಪೆನ್ನಿನಲ್ಲಿ. ಸ್ಟಾಕ್ ಎಣಿಕೆ ವರ್ಷಕ್ಕೊಮ್ಮೆ. ಆಷಾಢ ಮುಗಿಯುವುದರೊಳಗೆ ಬಾರ್‌ಕೋಡ್‌ಗೆ ಹೋಗಬೇಕು. ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳುವುದು?

ಒಳಬಾಗಿಲು

ಸಾಫ್ಟ್‌ವೇರಿನ ಹೆಸರು ಕೊನೆಗೆ ಕೇಳಿ ಸರ್. ಜವಳಿಯಲ್ಲಿ ಲೆಕ್ಕ ಕೆಡುವುದು ಮಾಲು ಒಳಗೆ ಬರುವ ಬಾಗಿಲಲ್ಲಿ. ಬಿಲ್ ಕೌಂಟರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ ಅಷ್ಟೆ. ಸೂರತ್ತಿನ ಬಂಡಲ್ ಬಿಚ್ಚಿದ ಕೂಡಲೇ ಗಿರಾಕಿಯ ಮುಂದೆ ಹರಡುವ ಅಭ್ಯಾಸ ಇದ್ದರೆ ಎಂಥ ಸಾಫ್ಟ್‌ವೇರ್ ತಂದರೂ ಸ್ಟಾಕ್ ಮೈನಸ್‌ನಲ್ಲೇ ಓಡುತ್ತದೆ.

ಕ್ರಮ ಹೀಗಿರಲಿ: ಲಾರಿ ರಸೀದಿಗೆ ಬಂಡಲ್ ತಾಳೆ, ಬಿಚ್ಚಿ ಪೀಸು ಎಣಿಕೆ, ಸರಬರಾಜುದಾರರ ಇನ್‌ವಾಯ್ಸಿಗೆ ತಾಳೆ, ಖರೀದಿ ನಮೂದು, ಲೇಬಲ್ ಮುದ್ರಣ, ಟ್ಯಾಗ್, ಆಮೇಲೆ ಕಪಾಟು. ಟ್ಯಾಗ್ ಇಲ್ಲದ ಪೀಸು ಕಪಾಟು ಹತ್ತಬಾರದು. ದೀಪಾವಳಿ ವಾರದಲ್ಲಿ ಈ ನಿಯಮ ಮುರಿದೇ ಮುರಿಯುತ್ತದೆ. ಆ ವಾರ ಅಂಗಡಿ ತೆರೆಯುವ ಎರಡು ಗಂಟೆ ಮೊದಲೇ ಇಬ್ಬರನ್ನು ಇದೊಂದೇ ಕೆಲಸಕ್ಕೆ ಕೂರಿಸಿ.

ಖರೀದಿ ನಮೂದಿನಲ್ಲಿ ಲಾರಿ ಬಾಡಿಗೆ, ಹಮಾಲಿ ಸೇರಿಸಿ, ವಟಾವ (ಸರಬರಾಜುದಾರರು ಬಿಟ್ಟ ರಿಯಾಯಿತಿ) ಕಳೆದು ಪೀಸಿನ ಅಸಲು ಕಟ್ಟಬೇಕು. ಇನ್‌ವಾಯ್ಸಿನ ದರವನ್ನೇ ಅಸಲು ಎಂದು ಹಾಕಿದರೆ ಲಾಭದ ವರದಿ ಮೊದಲ ದಿನದಿಂದಲೇ ಸುಳ್ಳು.

ಇನ್ನು ಕೋಡು. ಒಂದು ಶರ್ಟಿನ ಡಿಸೈನು, 4 ಬಣ್ಣ, 5 ಸೈಜು ಎಂದರೆ 20 ಬೇರೆ ಬೇರೆ ಐಟಂ. ಇದನ್ನು ಒಂದೊಂದಾಗಿ ಟೈಪ್ ಮಾಡಿಸುವ ಸಾಫ್ಟ್‌ವೇರ್ ಜವಳಿಗೆ ಆಗದು. ಅಡ್ಡಕ್ಕೆ ಸೈಜು, ಉದ್ದಕ್ಕೆ ಬಣ್ಣ ಇರುವ ಚೌಕದಲ್ಲಿ ಸಂಖ್ಯೆ ತುಂಬಿದರೆ 20 ಐಟಮ್ಮೂ ಒಮ್ಮೆಗೇ ಹುಟ್ಟಬೇಕು.

ಲೇಬಲ್_ರಿಬ್ಬನ್

ಕೋಡಿನೊಳಗೆ ಅರ್ಥ ತುರುಕಬೇಡಿ. ಬ್ರ್ಯಾಂಡು, ಬಣ್ಣ, ಸೈಜು, ವರ್ಷ ಎಲ್ಲ ಸೇರಿಸಿ 12 ಅಕ್ಷರದ ಕೋಡು ಮಾಡುವವರೇ ಹೆಚ್ಚು. ಅದರ ಫಲ ಲೇಬಲ್ ಮೇಲೆ ಕಾಣುತ್ತದೆ. ಕೋಡ್ 128 ಎಂಬ ಬಾರ್‌ಕೋಡ್ ಬಗೆಯಲ್ಲಿ, 203 ಡಿಪಿಐ (ಇಂಚಿಗೆ 203 ಚುಕ್ಕಿ) ಪ್ರಿಂಟರಿನಲ್ಲಿ, ತೀರ ಸಣ್ಣ ಗೆರೆಗೆ ಎರಡು ಚುಕ್ಕಿ ಅಂದರೆ 0.25 ಮಿ.ಮೀ. ಕೊಟ್ಟರೆ:

8 ಅಂಕಿ ಮಾತ್ರ ಇರುವ ಕೋಡು: 79 ಘಟಕ (ಸಣ್ಣ ಗೆರೆಯ ಅಗಲವೇ ಒಂದು ಘಟಕ), 19.75 ಮಿ.ಮೀ. ಎರಡೂ ಬದಿಯ ಖಾಲಿ ಜಾಗ ತಲಾ 2.5 ಮಿ.ಮೀ. ಸೇರಿಸಿ 24.75. 38 ಮಿ.ಮೀ. ಲೇಬಲಿನಲ್ಲಿ ಆರಾಮಾಗಿ ಕೂರುತ್ತದೆ.

ಅಕ್ಷರ ಬೆರೆತ 12ರ ಕೋಡು: 167 ಘಟಕ, ಖಾಲಿ ಜಾಗ ಸೇರಿ 46.75 ಮಿ.ಮೀ. 50ರ ಲೇಬಲಿನಲ್ಲೂ ಉಸಿರುಗಟ್ಟಿದ ಹಾಗೆ. ಹಿಗ್ಗಿಸಲು ಜಾಗವಿಲ್ಲದೆ ಗೆರೆ ಸಣ್ಣದು ಮಾಡುತ್ತಾರೆ, ಆಮೇಲೆ ಸ್ಕ್ಯಾನರ್ ಸರಿಯಿಲ್ಲ ಎನ್ನುತ್ತಾರೆ.

ಇನ್ನೊಂದು ವಿಷಯ. ಸ್ಕ್ಯಾನರ್ ಕಂಪ್ಯೂಟರಿಗೆ ಕೀಲಿಮಣೆಯ ಹಾಗೇ ಕಾಣುತ್ತದೆ. ಕನ್ನಡ ಕೀಲಿಮಣೆ ಚಾಲೂ ಇರುವಾಗ ಅಕ್ಷರ ಇರುವ ಕೋಡು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಕನ್ನಡ ಅಕ್ಷರ ಬಿದ್ದು "ಐಟಂ ಇಲ್ಲ" ಎನ್ನುತ್ತದೆ. ಬರೀ ಅಂಕಿಗಳಾದರೆ ಈ ಗೋಳು ಕಡಿಮೆ. ಸಂಖ್ಯೆ 10000001ರಿಂದ ಶುರುವಾಗಲಿ. ಸೊನ್ನೆಯಿಂದ ಶುರುವಾದರೆ ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಶುರುವಿನ ಸೊನ್ನೆಗಳು ಹಾರಿಹೋಗುತ್ತವೆ.

ಕಂಪನಿ ಮಾಲಿನ ಮೇಲೆ 890ರಿಂದ ಶುರುವಾಗುವ 13 ಅಂಕಿಯ ಕೋಡು ಆಗಲೇ ಇದ್ದರೆ ಅದನ್ನೇ ಬಳಸಿ, ಮೇಲೊಂದು ಲೇಬಲ್ ಅಂಟಿಸಬೇಡಿ. ಆದರೆ ಒಂದೇ ಕೋಡು ಎರಡು ಸೈಜಿಗೆ ಬಂದಿಲ್ಲವೇ ಎಂದು ಮೊದಲ ಬಂಡಲಿನಲ್ಲಿ ಪರೀಕ್ಷಿಸಿ.

ಕಿರ್ದಿ_ಖತಾವಣಿ

ಲೇಬಲ್ ಎಷ್ಟು ತರಿಸಬೇಕು? ಥರ್ಮಲ್ ಪ್ರಿಂಟರ್ ಸಾಕೇ?

ಲೇಬಲ್_ರಿಬ್ಬನ್

ರಿಬ್ಬನ್ (ಮಸಿ ಪಟ್ಟಿ) ಇಲ್ಲದೆ ಬರೀ ಶಾಖದಲ್ಲಿ ಮೂಡುವ ಥರ್ಮಲ್ ಲೇಬಲ್ ಬಟ್ಟೆ ಅಂಗಡಿಗೆ ಬೇಡ. ಶೋಕೇಸಿನ ಬಿಸಿಲು, ದೀಪದ ಶಾಖಕ್ಕೆ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಸೀರೆ ಒಂದೂವರೆ ವರ್ಷ ಕಪಾಟಿನಲ್ಲಿ ಕೂರುವುದುಂಟು. ರಿಬ್ಬನ್ ಹಾಕುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರೇ ಬೇಕು. ಕಾಗದದ ಟ್ಯಾಗಿಗೆ ವ್ಯಾಕ್ಸ್ (ಮೇಣದ) ರಿಬ್ಬನ್ ಸಾಕು, ಕೈಯುಜ್ಜಿದರೆ ಅಳಿಸುವಂತಿದ್ದರೆ ವ್ಯಾಕ್ಸ್-ರೆಸಿನ್ (ಮೇಣಕ್ಕೆ ರಾಳ ಬೆರೆತದ್ದು). ಒಗೆಯುವ ಸ್ಯಾಟಿನ್ ಲೇಬಲಿಗೆ ಮಾತ್ರ ಪೂರ್ತಿ ರೆಸಿನ್.

50×25 ಮಿ.ಮೀ. ಲೇಬಲ್, ಸಾಲಿಗೆ ಎರಡು, ಸಾಲುಗಳ ನಡುವೆ 3 ಮಿ.ಮೀ. ಅಂತರ ಎಂದುಕೊಳ್ಳಿ. 9,000 ಲೇಬಲಿಗೆ 4,500 ಸಾಲು, ಅಂದರೆ 126 ಮೀಟರ್. 50 ಮೀಟರಿನ ಮೂರು ರೋಲು, 110 ಮಿ.ಮೀ. ಅಗಲ 300 ಮೀಟರ್ ಉದ್ದದ ರಿಬ್ಬನ್ ಅರ್ಧಕ್ಕಿಂತ ಕಡಿಮೆ. ಹಾಳಾಗುವುದಕ್ಕೆ ಇನ್ನೊಂದು ರೋಲು ಸೇರಿಸಿ ನಾಲ್ಕು ತನ್ನಿ. ಲೇಬಲ್ ಅರ್ಧಕ್ಕೆ ಕತ್ತರಿಸಿದ ಹಾಗೆ ಮುದ್ರಣವಾದರೆ ಪ್ರಿಂಟರ್ ಕೆಟ್ಟಿಲ್ಲ. ರೋಲು ಬದಲಿಸಿದ ಮೇಲೆ ಅಂತರದ ಸೆನ್ಸರ್ ಕ್ಯಾಲಿಬ್ರೇಟ್ ಮಾಡಿಲ್ಲ, ಅಷ್ಟೆ.

ಸೆರಗು_ಅಂಚು

ಸೂಜಿ ಚುಚ್ಚಿ ಪ್ಲಾಸ್ಟಿಕ್ ಎಳೆಯಲ್ಲಿ ಟ್ಯಾಗ್ ಸಿಕ್ಕಿಸುವ ಟ್ಯಾಗ್ ಗನ್ ಬಗ್ಗೆ ಯಾರೂ ಹೇಳಲಿಲ್ಲ. ರೆಡಿಮೇಡಿಗೆ ಸಾಮಾನ್ಯ ಸೂಜಿ ಸರಿ, ಹೊಡೆಯುವ ಜಾಗ ಬ್ರ್ಯಾಂಡ್ ಲೇಬಲ್ ಅಥವಾ ಹೊಲಿಗೆಯ ಸಾಲು. ರೇಷ್ಮೆ ಸೀರೆಗೆ ಗನ್ ತಾಗಿಸಲೇಬೇಡಿ. ಎಳೆ ಹರಿದು ರಂಧ್ರ ಕಾಣುತ್ತದೆ, ಮೊಳಕಾಲ್ಮೂರು ಸೀರೆಯಲ್ಲಂತೂ ಅದು ನೇರ ನಷ್ಟ. ಸೆರಗಿನ ಕುಚ್ಚಿಗೆ ದಾರದಲ್ಲಿ ಕಟ್ಟಿ. ಪೆಟ್ಟಿಗೆಗೋ ಪ್ಲಾಸ್ಟಿಕ್ ಕವರಿಗೋ ಅಂಟಿಸುವುದು ಸುಲಭ, ಆದರೆ ನಾಲ್ಕು ಸೀರೆ ಬಿಚ್ಚಿ ತೋರಿಸಿ ಮಡಿಸುವಾಗ ಕವರುಗಳು ಅದಲುಬದಲು. 6,000ದ ಸೀರೆ 2,800ಕ್ಕೆ ಬಿಲ್ಲಾಗುವುದು ಹೀಗೇ.

ಸೀರೆಗೆ ಡಿಸೈನ್‌ಗೊಂದು ಕೋಡು ಸಾಲದು, ಪೀಸಿಗೊಂದು ಕೋಡು ಬೇಕು. ಒಂದೇ ಡಿಸೈನ್ ನಂಬರಿನಲ್ಲಿ ಬಂದ 6 ಬಣ್ಣಗಳಲ್ಲಿ ಐದು ಹೋಗಿ ಒಂದು ಕೂತಿರುತ್ತದೆ. ಯಾವುದು ಕೂತಿದೆ, ಎಷ್ಟು ದಿನದಿಂದ ಎಂಬುದು ಪೀಸಿನ ಕೋಡಿಲ್ಲದೆ ಗೊತ್ತಾಗದು.

ಒಳಬಾಗಿಲು

ಇದಕ್ಕೆ ಪೂರ್ತಿ ಒಪ್ಪಿಗೆ ಇಲ್ಲ ಮೇಡಂ. 400 ರೂಪಾಯಿಯ ದಿನಬಳಕೆಯ ಪಾಲಿಯೆಸ್ಟರ್ ಸೀರೆಗೆ ಪೀಸಿಗೊಂದು ಕೋಡು ಎಂದರೆ ಟ್ಯಾಗ್ ಕಟ್ಟುವ ಕೆಲಸವೇ ಹೊರೆ. 1,500ಕ್ಕಿಂತ ಮೇಲೆ ಪೀಸಿನ ಕೋಡು, ಕೆಳಗೆ ಲಾಟಿನ (ಒಟ್ಟಿಗೆ ಬಂದ ಮಾಲಿಗೆಲ್ಲ ಒಂದೇ) ಕೋಡು ಎಂದು ಗೆರೆ ಎಳೆದುಕೊಂಡರೆ ಸಾಕು. ಲಾಟಿನ ಕೋಡಿನ ಜೊತೆ ಖರೀದಿ ತಿಂಗಳು ದಾಖಲಾಗಿದ್ದರೆ ಮಾಲು ಎಷ್ಟು ದಿನದಿಂದ ಕೂತಿದೆ ಎಂಬ ವಯಸ್ಸಿನ ವರದಿ ಬರುತ್ತದೆ.

ಸೆರಗು_ಅಂಚು

ಗೆರೆ ಎಳೆಯಬಹುದು. ಇಳಕಲ್ಲಿನಂಥ ಕೈಮಗ್ಗದ ಸೀರೆಗೆ ಮಾತ್ರ ಬೆಲೆ ಎಷ್ಟೇ ಇರಲಿ ಪೀಸಿನ ಕೋಡೇ ಇರಲಿ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಗಜಕಡ್ಡಿ

ಥಾನಿನ ಬಗ್ಗೆ ಯಾರೂ ಮಾತಾಡವಲ್ರಿ. ರೆಡಿಮೇಡ್ ಸಾಫ್ಟ್‌ವೇರ್ ಎಲ್ಲಾ ಇಲ್ಲೇ ಬೀಳ್ತಾವ. ಮೀಟರ್ ಲೆಕ್ಕದಾಗ ಎರಡು ದಶಾಂಶ ತಗೋತದೇನು ಮೊದಲು ನೋಡ್ರಿ.

58 ಇಂಚು ಅಗಲದ ಶರ್ಟಿಂಗ್, 20 ಮೀಟರ್ ಥಾನು. ಒಂದ ಶರ್ಟಿಗೆ 1.60 ಹರದ್ರ 12 ಶರ್ಟಿಗೆ 19.20, ಪುಸ್ತಕದಾಗ 80 ಸೆಂಟಿಮೀಟರ್ ಉಳೀಬೇಕು. ಆದ್ರ ಹರಿಯೋ ಹುಡುಗ ಪ್ರತಿ ಸಲ 3 ಸೆಂಟಿಮೀಟರ್ ಬಿಟ್ಟ ಹರೀತಾನ. 12 ಸಲಕ್ಕ 36 ಹೋತು, ಕೈಯಾಗ ಉಳಿಯೋದು 44. ಇದು ಕಳ್ಳತನ ಅಲ್ರಿ, ಕತ್ತರಿ ಸವಕಳಿ. ಥಾನು ಮುಗಿದ ದಿನ ಆ ಕೋಡು ಮುಚ್ಚಿ ಫರಕು "ಅಳತೆ ನಷ್ಟ" ಅಂತ ಬರೀರಿ. ಮುಚ್ಚದ ಬಿಟ್ರ ವರ್ಷದ ಕೊನಿಗೆ ನೂರಾರು ಥಾನು 0.80, 0.65 ಅಂತ ಭೂತದ ಹಂಗ ಕೂತಿರ್ತಾವ.

ಒಂದೂವರಿ ಮೀಟರಿಗಿಂತ ಕಡಿಮಿ ಉಳದ್ರ ಅದಕ್ಕ ಹೊಸ ಲೇಬಲ್ ಹಾಕಿ ಕಟ್‌ಪೀಸ್ ವಿಭಾಗಕ್ಕ ವರ್ಗಾಯಿಸ್ರಿ, ದರಾನೂ ಬ್ಯಾರೆ. ಥಾನು ಬಂದ ದಿನಾನೇ ಅಳೀರಿ. ಚೀಟಿ ಮ್ಯಾಲ 20 ಇದ್ದದ್ದು 19.80 ಬಂದ್ರ ಸಗಟು ಅಂಗಡಿಯವ್ರಿಗೆ ಅವತ್ತ ಹೇಳಬೇಕು, ಮುಂದಿನ ತಿಂಗಳು ಹೇಳಿದ್ರ ಯಾರ ಕೇಳ್ತಾರ?

ತೆರಿಗೆ_ತಕ್ಕಡಿ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದೆ: ರೆಡಿಮೇಡ್ ಪೀಸಿಗೆ 2,500ರವರೆಗೆ ಶೇ 5, ಅದಕ್ಕಿಂತ ಮೇಲೆ ಶೇ 18. ಅದಕ್ಕೆ ಮೊದಲು ಗಡಿ 1,000 ಇತ್ತು, ಮೇಲೆ ಶೇ 12. ಸೀರೆ ಮತ್ತು ಥಾನು ಬಟ್ಟೆಗೆ ಈ ಗಡಿ ಇಲ್ಲ, 40,000ದ ರೇಷ್ಮೆ ಸೀರೆಗೂ ಶೇ 5. ಹಾಗಾಗಿ ಐಟಂ ಮಾಸ್ಟರಿನಲ್ಲಿ (ಸಾಫ್ಟ್‌ವೇರಿನ ಐಟಂ ಪಟ್ಟಿ) ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕು ಗುರುತಿಸುವ ಸಂಖ್ಯೆ) ಸರಿ ಇರಬೇಕು: ರೇಷ್ಮೆ 5007, ಹತ್ತಿ 5208, ಪಾಲಿಯೆಸ್ಟರ್ 5407, ಹೆಣೆದ ಟೀ-ಶರ್ಟ್ 6109, ನೇಯ್ದ ಗಂಡಸರ ಶರ್ಟ್ 6205. ಎಲ್ಲವನ್ನೂ "ಗಾರ್ಮೆಂಟ್ಸ್" ಎಂದು ಒಂದೇ ಗುಂಪಿಗೆ ಹಾಕಿದರೆ ದುಬಾರಿ ಸೀರೆಗೆಲ್ಲ ಶೇ 18 ಬೀಳುತ್ತದೆ.

ಹೊಸ_ಬಿಲ್ಲು

ಅಂದರೆ ಎಂಆರ್‌ಪಿ 2,500 ದಾಟಿದ ಪೀಸಿಗೆಲ್ಲ ಐಟಂ ಮಾಸ್ಟರಿನಲ್ಲೇ 18 ಎಂದು ಹಾಕಿಟ್ಟರೆ ಆಯಿತಲ್ಲ?

ತೆರಿಗೆ_ತಕ್ಕಡಿ

ಅದೇ ತಪ್ಪು ಎಲ್ಲ ಕಡೆ ಆಗುತ್ತಿರುವುದು. ಗಡಿ ನೋಡಬೇಕಾದದ್ದು ಮಾರಿದ ಬೆಲೆಗೆ, ಎಂಆರ್‌ಪಿಗಲ್ಲ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿ ಕಳೆದ ಮೇಲೆ, ತೆರಿಗೆ ಬಿಟ್ಟು ಉಳಿಯುವ ಮೌಲ್ಯ. ಉದಾಹರಣೆಗೆ ಎಂಆರ್‌ಪಿ 3,200, ಆಷಾಢದ ರಿಯಾಯಿತಿ ಶೇ 20, ಗಿರಾಕಿ ಕೊಡುವುದು 2,560. ಇದನ್ನು 1.05ರಿಂದ ಭಾಗಿಸಿದರೆ 2,438.10. ಗಡಿಯೊಳಗೇ ಇದೆ, ತೆರಿಗೆ 121.90. ಮಾಸ್ಟರಿನಲ್ಲಿ 18 ಎಂದು ಕಟ್ಟಿಟ್ಟರೆ ಅದೇ 2,560ರಲ್ಲಿ 390.51 ತೆರಿಗೆಗೆ ಹೋಗುತ್ತದೆ. ಒಂದು ಪೀಸಿಗೆ 268 ರೂಪಾಯಿ ಚಿಲ್ಲರೆ ಸುಮ್ಮನೆ ಕೈಬಿಟ್ಟ ಹಾಗೆ.

ಇನ್ನೂ ಒಂದು ಗುಂಡಿ ಇದೆ. ತೆರಿಗೆ ಸೇರಿದ ಬೆಲೆ 2,625 ದಾಟಿ 2,950ರವರೆಗೆ ಇದ್ದರೆ ಲೆಕ್ಕವೇ ಕೂಡುವುದಿಲ್ಲ. 2,799 ತೆಗೆದುಕೊಳ್ಳಿ. ಶೇ 5 ಎಂದು ಭಾಗಿಸಿದರೆ 2,665.71, ಗಡಿ ದಾಟಿತು, ಶೇ 18 ಆಗಬೇಕು. ಶೇ 18 ಎಂದು ಭಾಗಿಸಿದರೆ 2,372.03, ಗಡಿಯೊಳಗೆ ಬಂತು, ಶೇ 5 ಆಗಬೇಕು. ಬೀಜ ಮೊದಲೋ ವೃಕ್ಷ ಮೊದಲೋ! ಸಾಫ್ಟ್‌ವೇರ್ ಎರಡರಲ್ಲಿ ಒಂದನ್ನು ಹಿಡಿದು ಮುಂದೆ ಹೋಗುತ್ತದೆ, ನಿಮಗೆ ಹೇಳುವುದೂ ಇಲ್ಲ.

ಪರಿಹಾರ ಬೆಲೆ ಕಟ್ಟುವಾಗಲೇ ಆಗಬೇಕು. ಗಿರಾಕಿ ಕೊಡುವ ಕೊನೆಯ ಬೆಲೆ 2,625ರ ಒಳಗಿರಲಿ, ಇಲ್ಲವೇ 2,950 ದಾಟಲಿ. ನಡುವಿನ ಬೆಲೆ ಇಡಬೇಡಿ. ಲಾಭ ಎಷ್ಟೆಂದು ನೋಡಿ: 2,625ಕ್ಕೆ ಮಾರಿದರೆ ಅಂಗಡಿಗೆ 2,500 ಉಳಿಯುತ್ತದೆ. 2,951ಕ್ಕೆ ಮಾರಿದರೆ 2,500 ರೂಪಾಯಿ 85 ಪೈಸೆ.

ಹೊಸ_ಬಿಲ್ಲು

ಹಾಗಾದರೆ ಬಿಲ್ಲಿನ ಕೊನೆಯಲ್ಲಿ "ಒಟ್ಟು ರಿಯಾಯಿತಿ 500" ಎಂದು ಬಿಡುವುದು?

ತೆರಿಗೆ_ತಕ್ಕಡಿ

ತೆರಿಗೆ ಲೆಕ್ಕ ಹಾಕಿದ ಮೇಲೆ ಕಳೆಯುವ ಸಾಫ್ಟ್‌ವೇರ್ ಬೇಡವೇ ಬೇಡ. ಆ 500 ಪೀಸುಗಳ ಬೆಲೆಗೆ ತಕ್ಕಂತೆ ಹಂಚಿಕೆಯಾಗಿ, ಆಮೇಲೆ ಪ್ರತಿ ಪೀಸಿನ ದರ ನಿಗದಿಯಾಗಬೇಕು. "ಎರಡಕ್ಕೆ ಒಂದು ಉಚಿತ" ಕೊಡುಗೆಗೂ ಇದೇ ದಾರಿ. ಮೂರನೆಯ ಪೀಸನ್ನು ಸೊನ್ನೆ ಬೆಲೆಗೆ ಹಾಕುವ ಬದಲು ಎರಡರ ಹಣವನ್ನು ಮೂರಕ್ಕೆ ಹಂಚಿ, ಆಗ ಪೀಸಿನ ಲಾಭದ ವರದಿಯೂ ನಿಜ ಹೇಳುತ್ತದೆ. ಖರೀದಿಸಲು ಹೊರಟ ಸಾಫ್ಟ್‌ವೇರಿನ ಡೆಮೊದಲ್ಲಿ ಮೇಲಿನ 3,200ರ ಉದಾಹರಣೆಯನ್ನು ನಿಮ್ಮ ಕೈಯಿಂದಲೇ ಬಿಲ್ ಮಾಡಿ ನೋಡಿ.

ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಕ್ರಮವಾಗಿರಬೇಕು. ಎರಡು ಕೌಂಟರ್ ಇದ್ದರೆ "ಎ", "ಬಿ" ಎಂದು ಸಂಖ್ಯೆಯ ಮುಂದೆ ಅಕ್ಷರ ಕೊಟ್ಟು ಎರಡು ಸರಣಿ ಓಡಿಸಿ, ಒಂದೇ ಸರಣಿ ಹಂಚಿಕೊಂಡರೆ ನೆಟ್‌ವರ್ಕ್ ಕಡಿದಾಗ ಒಂದೇ ಸಂಖ್ಯೆಯ ಎರಡು ಬಿಲ್ ಹುಟ್ಟುತ್ತವೆ. ವಹಿವಾಟು 5 ಕೋಟಿ ದಾಟಿದ್ದರೆ ಬೇರೆ ವ್ಯಾಪಾರಿಗಳಿಗೆ ಮಾರಿದ್ದಕ್ಕೆ ಸರ್ಕಾರಿ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಬೇಕು. ಚಿಲ್ಲರೆ ಗಿರಾಕಿಯ ಬಿಲ್ಲಿನ ಮೇಲೆ ಕಡ್ಡಾಯ ಕ್ಯೂಆರ್ ಎನ್ನುವುದು 500 ಕೋಟಿ ಮೀರಿದವರಿಗೆ. ಅದರ ಹೆಸರಲ್ಲಿ ನಿಮಗೆ ಹೆಚ್ಚುವರಿ ಮಾಡ್ಯೂಲ್ ಮಾರಲು ಬಂದರೆ ಕೈಮುಗಿದು ಕಳುಹಿಸಿ.

ಒತ್ತಕ್ಷರ

ಬಿಲ್ಲು ಕನ್ನಡದಲ್ಲಿ ಬೇಕೆನ್ನುವವರಿಗೆ ಎರಡು ಮಾತು. 80 ಮಿ.ಮೀ. ಬಿಲ್ ಪ್ರಿಂಟರುಗಳ ಸ್ವಂತ ಅಕ್ಷರಪಟ್ಟಿಯಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಕನ್ನಡ ಸಾಲುಗಳನ್ನು ಚಿತ್ರವಾಗಿ ಕಳಿಸಬೇಕು, ಸಾಲಿಗೆ 576 ಚುಕ್ಕಿ. ಇದರಿಂದ ಮುದ್ರಣ ನಿಧಾನ. ಅಂಗಡಿಯ ಹೆಸರು, ವಿಳಾಸ, "ವಾಪಸಾತಿ 7 ದಿನದೊಳಗೆ" ಎಂಬಂಥ ಬದಲಾಗದ ಸಾಲುಗಳನ್ನು ಪ್ರಿಂಟರಿನ ಸ್ಮೃತಿಯಲ್ಲೇ ಚಿತ್ರವಾಗಿ ಇಟ್ಟುಬಿಟ್ಟರೆ ಬಿಲ್ಲು ಸರಾಗ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಐಟಂ ಹೆಸರು ಟೈಪ್ ಮಾಡಿಟ್ಟ ಅಂಗಡಿಗಳು ಇನ್ನೂ ಇವೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬಿಲ್ ಕಳಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹೊಸ ವ್ಯವಸ್ಥೆಗೆ ಒಯ್ಯುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಓದಿ ನೋಡಿ. 203 ಡಿಪಿಐ ಲೇಬಲಿನಲ್ಲಿ ಕನ್ನಡ ಅಕ್ಷರದ ಎತ್ತರ 3 ಮಿ.ಮೀ.ಗಿಂತ ಕಡಿಮೆಯಾದರೆ "ಷ್ಟ್ರ"ದಂಥವು ಕಪ್ಪು ಚುಕ್ಕೆಯಾಗುತ್ತವೆ.

ಗಲ್ಲಾಪೆಟ್ಟಿಗೆ

ಯುಪಿಐ ಲೆಕ್ಕ. ಕೌಂಟರಿನ ಮೇಲೆ ಅಂಟಿಸಿದ ಒಂದೇ ಕ್ಯೂಆರ್‌ಗೆ ದಿನಕ್ಕೆ 80 ಜಮೆ ಬಂದರೆ ಸಂಜೆ ಯಾವ ಹಣ ಯಾವ ಬಿಲ್ಲಿನದು ಎಂದು ಹುಡುಕುವುದೇ ಕೆಲಸ. ಬಿಲ್ಲಿನ ಮೊತ್ತವೂ ಸಂಖ್ಯೆಯೂ ಸೇರಿದ ಕ್ಯೂಆರ್ ಪ್ರತಿ ಬಿಲ್ಲಿಗೆ ಪರದೆಯ ಮೇಲೆ ಬರುವ ಹಾಗೆ ಮಾಡಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬುವ ಬದಲು ಸೌಂಡ್‌ಬಾಕ್ಸ್ ಹೇಳಿದ ಮೇಲೆ ಡೆಲಿವರಿ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಎದ್ದವು. ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ ಎಂಬುದು ನಗದು, ಯುಪಿಐ ಎರಡೂ ಸೇರಿದ ವಹಿವಾಟಿಗೆ. ಕ್ಯೂಆರ್ ಕಿತ್ತರೆ ಮಿತಿ ಬದಲಾಗದು. ಕೆಡುವುದು ಬೇರೆಡೆ: ಚೀಟಿ ಹಣ, ನೆಂಟರ ಕೈಸಾಲ, ಮನೆ ಬಾಡಿಗೆ ಎಲ್ಲ ಅಂಗಡಿಯ ಕ್ಯೂಆರ್‌ಗೇ ಬಂದು ವ್ಯಾಪಾರದ ಲೆಕ್ಕದಲ್ಲಿ ಬೆರೆಯುತ್ತದೆ. ಅಂಗಡಿಗೆ ಚಾಲ್ತಿ ಖಾತೆ, ಅದಕ್ಕೊಂದು ಕ್ಯೂಆರ್, ಮನೆಗೆ ಬೇರೆ.

ಮದುವೆ ಜವಳಿ ಬಿಲ್ಲಿನಲ್ಲಿ ಇನ್ನೊಂದು ಜಾಗ್ರತೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಬಿಲ್ಲನ್ನು ಮೂರಾಗಿ ಒಡೆದರೂ ಅದು ಒಂದೇ ವ್ಯವಹಾರ.

ಕಿರ್ದಿ_ಖತಾವಣಿ

ಉಪಯುಕ್ತ. ಕೊನೆಯ ಎರಡು ಪ್ರಶ್ನೆ. 9,000 ಪೀಸಿನ ಹಳೆಯ ಸ್ಟಾಕಿಗೆ ಲೇಬಲ್ ಹೇಗೆ? ಹೊಸ ಮಾಲಿಗೆ ಮಾತ್ರ ಹಾಕಿ, ಹಳೆಯದು ತಾನಾಗಿ ಕರಗಲಿ ಎಂದರೆ ಆಗದೇ? ಉದ್ರಿ ಪುಸ್ತಕ ಏನು ಮಾಡುವುದು?

ಒಳಬಾಗಿಲು

ಆಗದು. ಕರಗದ ಮಾಲೇ ಹಳೆಯದಾಗಿ ಉಳಿದಿರುವುದು ಸರ್! ಎರಡು ಪದ್ಧತಿ ಒಟ್ಟಿಗೆ ಓಡಿದರೆ ಕೌಂಟರಿನ ಹುಡುಗ ಸುಲಭದ್ದನ್ನೇ ಹಿಡಿಯುತ್ತಾನೆ, ಟ್ಯಾಗ್ ಇದ್ದದ್ದನ್ನೂ "ಸೀರೆ 1" ಎಂದೇ ಹೊಡೆಯುತ್ತಾನೆ. ವಿಭಾಗವಾರು ಮುಗಿಸಿ. ಮೊದಲು ರೆಡಿಮೇಡ್, ಏಕೆಂದರೆ ಸೈಜಿನ ಲಾಭ ಬೇಗ ಕಾಣುತ್ತದೆ. ಆಮೇಲೆ ಸೀರೆ, ಕೊನೆಗೆ ಥಾನು. ಒಂದು ವಿಭಾಗ ಮುಗಿದ ದಿನವೇ ಆ ವಿಭಾಗದಲ್ಲಿ ಕೈಬರಹದ ಐಟಂ ಹೆಸರುಗಳನ್ನು ಬಂದ್ ಮಾಡಿಬಿಡಿ.

ಹಳೆಯ ಪೀಸಿನ ಅಸಲು ಸಿಗದಿದ್ದರೆ ಚೀಟಿಯ ಮೇಲಿನ ಗುಪ್ತಾಕ್ಷರ ಓದಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹತ್ತು ಅಂಕಿಗೆ ಹತ್ತು ಅಕ್ಷರದ ಆ ಸಂಕೇತ ಅವರ ಬಾಯಲ್ಲಿ ಮಾತ್ರ ಇರುವುದುಂಟು.

ಎಣಿಕೆ ಮಾಡುವಾಗ ಕಪಾಟು ಕಪಾಟಾಗಿ ಸ್ಕ್ಯಾನ್ ಮಾಡಿ, ಬೇರೊಬ್ಬರು ಕೈಯಲ್ಲಿ ಎಣಿಸಿ ಒಟ್ಟು ಮಾತ್ರ ಹೇಳಲಿ. ಎರಡೂ ಕೂಡದಿದ್ದರೆ ಆ ಕಪಾಟು ಮತ್ತೆ. ಫರಕು ಬಂದಾಗ ಕಳ್ಳತನ ಎನ್ನುವ ಮೊದಲು ನೋಡಬೇಕಾದ ಜಾಗಗಳಿವೆ: ಆಲ್ಟರೇಷನ್‌ಗೆ ದರ್ಜಿ ಹತ್ತಿರ ಹೋದ ಪ್ಯಾಂಟು, ಮನೆಗೆ ತೋರಿಸಲು ಒಯ್ದ ಸೀರೆ, ಗೊಂಬೆಗೆ ಉಡಿಸಿದ್ದು, ಬಿಲ್ ಇಲ್ಲದೆ ಕೌಂಟರಿನಲ್ಲೇ ಮಾಡಿಕೊಟ್ಟ ಸೈಜು ಬದಲಾವಣೆ. ಕೊನೆಯದೇ ದೊಡ್ಡದು. 40 ಕೊಟ್ಟು 42 ಒಯ್ದಾಗ ದುಡ್ಡಿನಲ್ಲಿ ವ್ಯತ್ಯಾಸ ಇಲ್ಲವೆಂದು ಯಾರೂ ಬರೆಯುವುದಿಲ್ಲ. ಒಂದು ಮೈನಸ್ ಸಾಲು, ಒಂದು ಪ್ಲಸ್ ಸಾಲಿನ ಸೊನ್ನೆ ಬಿಲ್ ಹಾಕಿಸಲೇಬೇಕು.

ಮೂರು ತಿಂಗಳು ಹೀಗೆ ಓಡಿದರೆ ಸಿಗುವ ಮೊದಲ ಲಾಭ ಸೈಜಿನ ವರದಿ. ಸಗಟು ಅಂಗಡಿಯವರು ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದರಂತೆ ಸೆಟ್ ಕಟ್ಟಿ ಕೊಡುತ್ತಾರೆ. ನಿಮ್ಮೂರ ಮೈಕಟ್ಟು ಹಾಗೆ ಸಮನಾಗಿ ಹಂಚಿರುವುದಿಲ್ಲ. ಯಾವ ಸೈಜು ಮೊದಲು ಖಾಲಿ, ಯಾವುದು ಆಷಾಢಕ್ಕೆ ಉಳಿಯಿತು ಎಂಬ ಹಾಳೆ ಹಿಡಿದು ಹೋದರೆ ಸೆಟ್ ಒಡೆದು ಕೊಡಿ ಎಂದು ಕೇಳಲು ಬಾಯಿ ಬರುತ್ತದೆ.

ಗಲ್ಲಾಪೆಟ್ಟಿಗೆ

ಉದ್ರಿಗೆ: ಹಳೆಯ ಬಾಕಿಯನ್ನು ಗಿರಾಕಿಗೊಂದು ಒಟ್ಟು ಮೊತ್ತವಾಗಿ ಆರಂಭಿಕ ಶಿಲ್ಕಿನಲ್ಲಿ ಹಾಕಿ, ಹಳೆಯ ಬಿಲ್ಲುಗಳನ್ನು ಮತ್ತೆ ಟೈಪ್ ಮಾಡಬೇಡಿ. ಒಂದೇ ಹೆಸರಿನವರು ಹತ್ತು ಜನ ಇರುವ ಊರಿನಲ್ಲಿ ಮೊಬೈಲ್ ಸಂಖ್ಯೆಯೇ ಗುರುತು. ಆದರೆ ನಗದು ಗಿರಾಕಿಯನ್ನು ಸಂಖ್ಯೆ ಕೊಡಲೇಬೇಕು ಎಂದು ಪೀಡಿಸಬೇಡಿ. ಹಾಗೆ ಒತ್ತಾಯಿಸಬಾರದು ಎಂದು 2023ರಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ಗೆಂದು ರಾಶಿ ಸಂಖ್ಯೆ ಕೂಡಿಟ್ಟು ಪ್ರಯೋಜನವೂ ಇಲ್ಲ. ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ಸಂಖ್ಯೆ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ.

ಗಜಕಡ್ಡಿ

ಯುಪಿಎಸ್ ಮರೀಬ್ಯಾಡ್ರಿ. ಬಿಲ್ ನಡುವ ಕರೆಂಟ್ ಹೋಗಿ ಡೇಟಾ ಕೆಟ್ರ ರಿಪೇರಿ ಮಾಡಾವ್ರು ಎರಡು ದಿನ ಬರಂಗಿಲ್ಲ. ಬ್ಯಾಕಪ್ ಪೆನ್‌ಡ್ರೈವ್ ಅದೇ ಗಲ್ಲಾದಾಗ ಇಟ್ರ ಅದು ಬ್ಯಾಕಪ್ ಅಲ್ರಿ. ರಾತ್ರಿ ಬಾಗಲಾ ಹಾಕುವಾಗ ಮನಿಗೆ ಒಯ್ರಿ.

ತೆರಿಗೆ_ತಕ್ಕಡಿ

ಈಗ ಸಾಫ್ಟ್‌ವೇರ್ ಕೊಳ್ಳಬಹುದು. ಮಾರಲು ಬಂದವರಿಗೆ ಒಂದು ಪ್ರಶ್ನೆ ಕೇಳಿ: ಚಂದಾ ನಿಲ್ಲಿಸಿದ ಮರುದಿನ ಐಟಂ, ಬಿಲ್, ಉದ್ರಿ, ಸ್ಟಾಕ್ ನಾಲ್ಕೂ ಎಕ್ಸೆಲ್‌ನಲ್ಲಿ ಹೊರಗೆ ಬರುತ್ತವೆಯೇ? ಬಾಯಿಮಾತು ಬೇಡ, ಡೆಮೊದಲ್ಲೇ ತೆಗೆದು ತೋರಿಸಲಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಸಾಫ್ಟ್‌ವೇರ್ ಕಂಪನಿ ಅಷ್ಟು ದಿನ ಇರಲಿ ಬಿಡಲಿ. ಈಗ ಬಳಸುತ್ತಿರುವ ಹಳೆಯ ಬಿಲ್ಲಿಂಗಿನ ಡೇಟಾವನ್ನೂ ಅಳಿಸಬೇಡಿ, ಆ ಕಂಪ್ಯೂಟರ್ ಮಾರುವ ಮೊದಲು ಬಿಲ್ಲುಗಳನ್ನೆಲ್ಲ ಪಿಡಿಎಫ್ ಮಾಡಿಸಿ.

ಕಿರ್ದಿ_ಖತಾವಣಿ

ಆಯ್ತು ಸರ್. ರೆಡಿಮೇಡ್ ವಿಭಾಗ ಮೊದಲು, 8 ಅಂಕಿಯ ಕೋಡು, ನಾಲ್ಕು ರೋಲು, ಒಂದು ರಿಬ್ಬನ್. 3,200ರ ಬಿಲ್ಲನ್ನು ಮೂರು ಕಡೆ ಡೆಮೊದಲ್ಲಿ ಹೊಡೆದು ನೋಡಿ ಫಲಿತಾಂಶ ಇಲ್ಲೇ ಹಾಕುತ್ತೇನೆ.